ಬೆಳ್ಳಿಯ ಚಮಚ, ಗಂಧದ ಕರಡಿಗೆ

ಹಳೆಯ ವಿಲಾಯಿತಿ ಬೆಳ್ಳಿಯನ್ನು ಸಂಗ್ರಹಿಸುವುದು ಸಿರಿವಂತರ ಷೋಕಿಯೆಂದು ಅನೇಕರು ತಿಳಿದಿದ್ದಾರೆ. ಆದರೆ ಈ ಹವ್ಯಾಸದ ಬಹುಭಾಗ ನಡೆಯುವುದು ದೊಡ್ಡ ಹರಿವಾಣ, ದೀಪಸ್ತಂಭಗಳಿಂದಲ್ಲ. ಅಂಗೈಯಲ್ಲಿ ಅಡಗುವ ಚಿಕ್ಕ ಸಾಮಾನುಗಳಿಂದ. ಚಹದ ಚಮಚ, ಸಕ್ಕರೆಯ ತುಂಡನ್ನೆತ್ತುವ ಚಿಮಟ, ಉಪ್ಪಿನ ಪುಟ್ಟ ಬಟ್ಟಲು, ನಶ್ಯದ ಡಬ್ಬಿ, ಹೆಸರಿನ ಚೀಟಿಗಳನ್ನಿಡುವ ತೆಳುವಾದ ಪೆಟ್ಟಿಗೆ, ಸುಗಂಧದ್ರವ ತೋಯಿಸಿದ ಸ್ಪಂಜನ್ನು ಒಳಗಿಟ್ಟು ಮೂಗಿಗೆ ಹಿಡಿಯುತ್ತಿದ್ದ ಪುಟ್ಟ ಕರಡಿಗೆ, ಇವೇ ಸಂಗ್ರಾಹಕರ ಅಚ್ಚುಮೆಚ್ಚಿನ ವಸ್ತುಗಳು. ಇವುಗಳ ಬೆಲೆ ತೂಕದಲ್ಲಿಲ್ಲ; ಬೆನ್ನಿನ ಮೇಲೆ ಒತ್ತಿದ ನಾಲ್ಕೈದು ಚಿಕ್ಕ ಮುದ್ರೆಗಳಲ್ಲಿದೆ.

ಉತ್ತರ ಕನ್ನಡದ ಕರಾವಳಿಯ ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಈ ಹವ್ಯಾಸಕ್ಕೆ ಇನ್ನೊಂದು ಮುಖವೂ ಉಂಟು. ಇಂಗ್ಲೀಷರ ಬೆಳ್ಳಿ ಹಡಗೇರಿ ನಮ್ಮ ದೇಶಕ್ಕೆ ಬಂದಂತೆಯೇ ಈ ಸೀಮೆಯ ಗುಡಿಗಾರರು ಕೆತ್ತಿದ ಗಂಧದ ಕರಡಿಗೆಗಳು ಹಡಗೇರಿ ಇಂಗ್ಲೆಂಡಿನ ಮನೆಗಳನ್ನು ಸೇರಿದವು. ಎರಡೂ ಇಂದು ಸಂಗ್ರಾಹಕರ ವಸ್ತುಗಳೇ. ಒಂದು ಬೆಳ್ಳಿಯ ಚಮಚವನ್ನು ಯಾರ ಕಾರ್ಖಾನೆಯಲ್ಲಿ, ಯಾವ ಊರಿನಲ್ಲಿ, ಯಾವ ವರ್ಷದಲ್ಲಿ ಮಾಡಿದರೆಂಬುದನ್ನು ಇನ್ನೂರು ವರ್ಷಗಳ ಮೇಲೂ ಖಚಿತವಾಗಿ ಹೇಳಬಹುದು. ಬಹುದಿನ ಕುಳಿತು ಕೆತ್ತಿದ ಗಂಧದ ಕರಡಿಗೆಯ ವಿಷಯದಲ್ಲಿ ಕೆತ್ತಿದವನ ಹೆಸರು ಸಾಮಾನ್ಯವಾಗಿ ದೊರೆಯುವುದಿಲ್ಲ. ಈ ಅಂತರ ಹೇಗೆ ಉಂಟಾಯಿತೆಂಬುದು ವಿಚಾರಿಸತಕ್ಕ ಸಂಗತಿ.

ಕಡಲತಡಿಗೆ ಬಂದ ಇಂಗ್ಲೀಷರು

ಈ ತೀರಕ್ಕೂ ಇಂಗ್ಲೀಷರಿಗೂ ಇರುವ ಸಂಬಂಧ ಹಳೆಯದು. ಮೆಣಸಿನ ವ್ಯಾಪಾರದ ಆಸೆಯಿಂದ ಅವರು ಭಟ್ಕಳಕ್ಕೆ ಬಂದದ್ದು ಹದಿನೇಳನೆಯ ಶತಮಾನದಲ್ಲಿ. ಅಲ್ಲಿರುವ ಮೂರು ಇಂಗ್ಲೀಷ್ ಗೋರಿಗಳು 1637 ಮತ್ತು 1638ನೆಯ ಇಸವಿಗಳವು. ಇಬ್ಬರು ವರ್ತಕರು, ಒಬ್ಬ ಶಸ್ತ್ರವೈದ್ಯ. ಮೂವರ ಹೆಸರು, ಕಸುಬು, ಸತ್ತ ದಿನಗಳನ್ನು ಕಲ್ಲಿನಲ್ಲಿ ಕಂಡರಿಸಿದ್ದಾರೆ. ಬಂದ ಊರಿನಲ್ಲಿ ಸತ್ತರೂ ಹೆಸರು ಅಳಿಯಬಾರದೆಂಬ ಎಚ್ಚರ ಆ ಜನಕ್ಕೆ ಅಂದಿನಿಂದಲೇ ಇತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಕೆನರಾ ಸೀಮೆ ಇಂಗ್ಲೀಷ್ ಕಂಪನಿಯ ವಶವಾಯಿತು. ಮೊದಲು ಅದು ಮದರಾಸು ಆಧಿಪತ್ಯಕ್ಕೆ ಸೇರಿತ್ತು. 1862ರಲ್ಲಿ ಉತ್ತರದ ಭಾಗವನ್ನು ಮುಂಬಯಿ ಆಧಿಪತ್ಯಕ್ಕೆ ಸೇರಿಸಿದರು. ಅದೇ ಕಾಲದಲ್ಲಿ ಕುಮಟಾ ಬಂದರಿಗೆ ದೊಡ್ಡ ಭಾಗ್ಯ ಒದಗಿತು. 1861ರಿಂದ 1865ರ ವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತುಹೋಯಿತು. ಲಂಕಾಷೈರಿನ ಗಿರಣಿಗಳು ಇಂಡಿಯದ ಹತ್ತಿಗೆ ಬಾಯ್ದೆರೆದು ಕುಳಿತವು. ಧಾರವಾಡದ ಕಡೆಯ ಹತ್ತಿ ಘಟ್ಟವಿಳಿದು ಕುಮಟಾ ಬಂದರಿನಿಂದ ಮುಂಬಯಿಗೆ, ಅಲ್ಲಿಂದ ವಿಲಾಯಿತಿಗೆ ಹೋಗುತ್ತಿತ್ತು. ಆ ಹತ್ತಿಗೆ ವ್ಯಾಪಾರದಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರಾಯಿತು. ಬೆಳೆದ ಹೊಲದ ಹೆಸರು ಹೋಗಿ ಹಡಗು ಹತ್ತಿದ ಬಂದರಿನ ಹೆಸರು ಉಳಿದದ್ದೊಂದು ಸೋಜಿಗ. ಮುಂದೆ ಮಾರ್ಮಗೋವಾ ಬಂದರಿಗೆ ರೈಲು ಬಂದ ಮೇಲೆ ಕುಮಟಾದ ಹತ್ತಿಯ ವೈಭವ ಮುಗಿಯಿತು.

ಆಡಳಿತ, ವ್ಯಾಪಾರಗಳ ಬೆನ್ನಿಗೆ ಇಂಗ್ಲೀಷರ ಊಟದ ಮೇಜೂ ಬಂದಿತು. ಅಧಿಕಾರಿಗಳು ವರ್ಗವಾದಾಗ, ನಿವೃತ್ತರಾಗಿ ಸ್ವದೇಶಕ್ಕೆ ಹೊರಟಾಗ, ಇಲ್ಲವೇ ಇಲ್ಲಿಯೇ ಮಡಿದಾಗ ಅವರ ಮನೆಯ ಸಾಮಾನುಗಳನ್ನು ಹರಾಜು ಹಾಕುವುದು ಅಂದಿನ ಇಂಡಿಯದಲ್ಲೆಲ್ಲ ರೂಢಿಯಾಗಿತ್ತು. ಹಾಗೆ ಕೈ ಬದಲಾದ ಚಮಚ, ಚಿಮಟಗಳು ದೇಶದ ಅನೇಕ ಮನೆಗಳ ಬೀರುವಿನಲ್ಲಿ ಪಂಚಪಾತ್ರೆ, ಉದ್ಧರಣೆ, ಪನ್ನೀರುದಾನಿಗಳ ನಡುವೆ ಸೇರಿಕೊಂಡಿವೆ. ಅವು ಏನೆಂಬುದನ್ನು ಬಲ್ಲವರು ಮಾತ್ರ ವಿರಳ.

ಬೆನ್ನಿನ ಮೇಲಿನ ಬರಹ

ಇಂಗ್ಲೀಷ್ ಬೆಳ್ಳಿಯನ್ನು ಓದಲು ಬೇಕಾದುದು ಒಂದು ಭೂತಗನ್ನಡಿ, ಒಂದಿಷ್ಟು ತಾಳ್ಮೆ. ಚಮಚವಾದರೆ ಹಿಡಿಯ ಹಿಂಭಾಗದಲ್ಲಿ, ಪಾತ್ರೆಯಾದರೆ ತಳದಲ್ಲಿ ಇಲ್ಲವೇ ಅಂಚಿನ ಕೆಳಗೆ ಮುದ್ರೆಗಳ ಸಾಲು ಕಾಣುತ್ತದೆ.

ಎಡಕ್ಕೆ ಮುಖಮಾಡಿ ನಡೆಯುತ್ತಿರುವ ಸಿಂಹವಿದ್ದರೆ ಅದು ಶುದ್ಧತೆಯ ಗುರುತು. ಸಾವಿರ ಪಾಲಿನಲ್ಲಿ 925 ಪಾಲು ಅಚ್ಚ ಬೆಳ್ಳಿ, ಉಳಿದುದು ಹೆಚ್ಚಾಗಿ ತಾಮ್ರ ಎಂದು ಅದರ ಅರ್ಥ. 1544ರಿಂದ ಲಂಡನ್ನಿನಲ್ಲಿ ಈ ಸಿಂಹ ಬಳಕೆಯಲ್ಲಿದೆ. ಎರಡನೆಯದು ಊರಿನ ಗುರುತು. ಲಂಡನ್ನಿಗೆ ಚಿರತೆಯ ತಲೆ, ಬರ್ಮಿಂಗ್‌ಹ್ಯಾಮಿಗೆ ಲಂಗರು, ಷೆಫೀಲ್ಡಿಗೆ ಕಿರೀಟ. ಕೊನೆಯ ಎರಡು ಊರುಗಳಿಗೆ ಪರೀಕ್ಷೆಯ ಕಚೇರಿ ದೊರೆತದ್ದು 1773ರಲ್ಲಿ. ಷೆಫೀಲ್ಡು 1975ರಿಂದ ಕಿರೀಟವನ್ನು ಬಿಟ್ಟು ಗುಲಾಬಿಯನ್ನು ಹಿಡಿದಿದೆ. ಲಂಡನ್ನಿನ ಚಿರತೆಗೆ 1821ರ ವರೆಗೆ ಕಿರೀಟವಿತ್ತು, ಆಮೇಲೆ ಇಲ್ಲ. ಇದೊಂದನ್ನು ನೆನಪಿಟ್ಟರೂ ಸಾಮಾನಿನ ವಯಸ್ಸು ಸ್ಥೂಲವಾಗಿ ತಿಳಿದುಬಿಡುತ್ತದೆ.

ಮೂರನೆಯದು ವರ್ಷದ ಅಕ್ಷರ. ವರ್ಷಕ್ಕೊಂದರಂತೆ ಅಕ್ಷರ ಬದಲಾಗುತ್ತದೆ. ಒಂದು ಸುತ್ತು ಮುಗಿದ ಮೇಲೆ ಅಕ್ಷರದ ಬರಹವನ್ನೂ ಅದರ ಸುತ್ತಲಿನ ಚೌಕಟ್ಟಿನ ಆಕಾರವನ್ನೂ ಬದಲಿಸಿ ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ. ನಾಲ್ಕನೆಯದು ರಾಜನ ಅಥವಾ ರಾಣಿಯ ತಲೆ. 1784ರಿಂದ 1890ರ ವರೆಗೆ ಬೆಳ್ಳಿಯ ಸಾಮಾನಿನ ಮೇಲೆ ಸುಂಕವಿದ್ದಿತು. ಸುಂಕ ಸಂದಿದೆ ಎಂಬುದಕ್ಕೆ ಈ ತಲೆ ಸಾಕ್ಷಿ. ಐದನೆಯದು ಮಾಡಿಸಿದವರ ಹೆಸರಿನ ಮೊದಲಕ್ಷರಗಳು. ಇದನ್ನು ಒತ್ತಬೇಕೆಂಬ ಕಟ್ಟಳೆ ಇಂಗ್ಲೆಂಡಿನಲ್ಲಿ 1363ರಷ್ಟು ಹಿಂದಿನದು.

ಇವೆಲ್ಲ ಕೂಡಿ ಏನು ಹೇಳಬಲ್ಲವೆಂಬುದಕ್ಕೆ ಒಂದು ಉದಾಹರಣೆ ಸಾಕು. ಹೆಸ್ಟರ್ ಬೇಟ್‌ಮನ್ ಎಂಬಾಕೆ ಲಂಡನ್ನಿನ ಒಬ್ಬ ಕಸುಬುದಾರನ ಹೆಂಡತಿ. 1760ರಲ್ಲಿ ಗಂಡ ತೀರಿಕೊಂಡ. ಮರುವರ್ಷವೇ, ಎಂದರೆ 1761ರಲ್ಲಿ, ಆಕೆ ತನ್ನ ಹೆಸರಿನ ಎರಡು ಅಕ್ಷರಗಳ ಮುದ್ರೆಯನ್ನು ಅಕ್ಕಸಾಲೆಗಳ ಸಂಘದಲ್ಲಿ ನೋಂದಾಯಿಸಿ ಕಾರ್ಖಾನೆಯನ್ನು ತಾನೇ ನಡೆಸತೊಡಗಿದಳು. 1790ರಲ್ಲಿ ಕೆಲಸದಿಂದ ನಿವೃತ್ತಳಾದಳು. ಆದುದರಿಂದ ಒಂದು ಚಮಚದ ಮೇಲೆ ಆಕೆಯ ಎರಡಕ್ಷರವೂ ರಾಜನ ತಲೆಯೂ ಒಟ್ಟಿಗೆ ಇದ್ದರೆ ಅದು 1784ಕ್ಕೂ 1790ಕ್ಕೂ ನಡುವೆ ಆದದ್ದೆಂದು ವರ್ಷದ ಅಕ್ಷರವನ್ನು ನೋಡುವ ಮೊದಲೇ ಹೇಳಬಹುದು. ಆಕೆಯ ಕಾರ್ಖಾನೆಯ ನಯವಾದ ಅಂಚಿನ ಚಹದ ಪಾತ್ರೆಗಳನ್ನೂ ಚಮಚಗಳನ್ನೂ ಇಂದು ಜಗತ್ತಿನ ಸಂಗ್ರಾಹಕರು ಹುಡುಕಿಕೊಂಡು ಹೋಗುತ್ತಾರೆ. ಒಬ್ಬ ವಿಧವೆಯ ಹೆಸರು ಎರಡೂವರೆ ಶತಮಾನ ಬದುಕಿದ್ದು ಎರಡು ಅಕ್ಷರಗಳ ಬಲದಿಂದ.

ಹೊಸಬರು ಮೋಸಹೋಗುವುದು ಮೆರುಗಿನಿಂದ. 1743ರ ಸುಮಾರಿಗೆ ಷೆಫೀಲ್ಡಿನ ಥಾಮಸ್ ಬೋಲ್ಸೋವರ್ ಎಂಬವನು ತಾಮ್ರದ ಗಟ್ಟಿಗೆ ಬೆಳ್ಳಿಯ ಹಾಳೆಯನ್ನು ಕಾಸಿ ಬೆಸೆದು ತಗಡು ಬಡಿಯುವ ಉಪಾಯ ಕಂಡುಹಿಡಿದ. ಇದು ಷೆಫೀಲ್ಡ್ ಪ್ಲೇಟ್. ಬಹುಕಾಲ ಬಳಸಿದ ಸಾಮಾನಿನ ಅಂಚಿನಲ್ಲಿ ಒಳಗಿನ ತಾಮ್ರದ ಕೆಂಪು ಇಣಿಕುತ್ತದೆ. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಮನೆತನದವರು ವಿದ್ಯುತ್ತಿನಿಂದ ಬೆಳ್ಳಿಯ ಲೇಪ ಕೊಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ‘ಇ.ಪಿ.ಎನ್.ಎಸ್.’ ಎಂಬ ನಾಲ್ಕು ಅಕ್ಷರಗಳಿರುವ ಸಾಮಾನು ಈ ಜಾತಿಯದು. ಅದರ ಒಡಲು ನಮ್ಮ ಮನೆಗಳಲ್ಲಿ ‘ಜರ್ಮನ್ ಸಿಲ್ವರ್’ ಎಂದು ಕರೆಯುವ ಲೋಹ. ಹೆಸರಿನಲ್ಲಿ ಬೆಳ್ಳಿಯಿದ್ದರೂ ಅದರಲ್ಲಿರುವುದು ತಾಮ್ರ, ನಿಕ್ಕಲ್, ಸತು ಮಾತ್ರ. ಷೆಫೀಲ್ಡ್ ಪ್ಲೇಟಿಗೆ ಸಂಗ್ರಾಹಕರಲ್ಲಿ ತಕ್ಕ ಮರ್ಯಾದೆಯುಂಟು. ಆದರೆ ಬೆಳ್ಳಿಯೆಂದು ಬೆಲೆ ತೆತ್ತು ಕೊಳ್ಳಬಾರದು.

ಇನ್ನೊಂದು ವರ್ಗವೂ ಇದೆ. ಮದರಾಸಿನ ಪಿ. ಓರ್ ಅಂಡ್ ಸನ್ಸ್, ಕಲ್ಕತ್ತೆಯ ಹ್ಯಾಮಿಲ್ಟನ್ ಕಂಪನಿ ಮುಂತಾದ ಅಂಗಡಿಗಳು ಇಂಡಿಯದಲ್ಲಿಯೇ ವಿಲಾಯಿತಿ ಮಾದರಿಯ ಬೆಳ್ಳಿಯ ಸಾಮಾನನ್ನು ಸಿದ್ಧಪಡಿಸಿ ಮಾರಿದವು. ದೇವರ ಮೂರ್ತಿಗಳನ್ನು ಉಬ್ಬುಚಿತ್ರವಾಗಿ ಬಿಡಿಸಿದ ಮದರಾಸಿನ ಚಹದ ಪಾತ್ರೆಗಳು ‘ಸ್ವಾಮಿ’ ಬೆಳ್ಳಿಯೆಂದು ಪ್ರಸಿದ್ಧವಾದವು. ಬ್ರಿಟಿಷ್ ಇಂಡಿಯದಲ್ಲಿ ಬೆಳ್ಳಿಯನ್ನು ಪರೀಕ್ಷಿಸಿ ಮುದ್ರೆಯೊತ್ತುವ ಸರಕಾರಿ ಏರ್ಪಾಡು ಇರಲಿಲ್ಲ. ಅಂಗಡಿಯವರು ತಮ್ಮ ಹೆಸರನ್ನು ಒತ್ತಿದರು. ಒಳಗೆ ಸುತ್ತಿಗೆ ಹಿಡಿದು ಕುಳಿತಿದ್ದ ದೇಶೀ ಕುಶಲಿಯ ಹೆಸರಿಗೆ ಅಲ್ಲಿ ಜಾಗವಿರಲಿಲ್ಲ.

ಕಡಲಾಚೆ ಹೋದ ಕರಡಿಗೆಗಳು

ಇದೇ ಮಾತು ಗಂಧದ ಕೆತ್ತನೆಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಗುಡಿಗಾರರು ಕುಮಟಾ, ಹೊನ್ನಾವರ, ಶಿರಸಿ, ಸಿದ್ದಾಪುರಗಳಲ್ಲಿಯೂ ಘಟ್ಟದ ಮೇಲಿನ ಸಾಗರ, ಸೊರಬಗಳಲ್ಲಿಯೂ ನೆಲೆಸಿದ ಕುಶಲಿಗಳು. ಗೋವೆಯಲ್ಲಿ ಪೋರ್ತುಗೀಸರ ಉಪದ್ರವ ತಾಳಲಾರದೆ ದಕ್ಷಿಣಕ್ಕೆ ಬಂದವರೆಂದು ಅವರಲ್ಲಿ ಹೇಳಿಕೆಯುಂಟು. ಗುಡಿಯ ಕೆಲಸ, ರಥದ ಕೆಲಸ, ಬಣ್ಣದ ಕೆಲಸ, ಮದುವೆಯ ಬೆಂಡಿನ ಬಾಸಿಂಗ, ಎಲ್ಲವೂ ಅವರ ಕೈಗೆ ಒಗ್ಗಿದವು. ಗಂಧ ಮತ್ತು ದಂತದ ಕೆತ್ತನೆಯಲ್ಲಂತೂ ಅವರ ಹೆಸರು ಬಹುದೂರ ಹಬ್ಬಿತ್ತು.

ಗಂಧದ ಮರದ ಹೊರಭಾಗ ಬಿಳಿ, ಅದಕ್ಕೆ ಪರಿಮಳವಿಲ್ಲ. ಒಳಗಿನ ಚೇಗಿನಲ್ಲಿಯೇ ಎಣ್ಣೆಯೂ ಕಂಪೂ ಇರುವುದು. ಈ ಚೇಗು ಗಟ್ಟಿ, ಎಳೆಗಳು ಒತ್ತಾಗಿ ಕೂಡಿದಂಥವು. ಆದುದರಿಂದ ಕೂದಲೆಳೆಯಂಥ ಗೆರೆಯನ್ನೂ ಬಿರಿಯದೆ ತಾಳಿಕೊಳ್ಳುತ್ತದೆ. ಗುಡಿಗಾರನು ನಕ್ಷೆಯನ್ನು ಹಲಗೆಯ ಮೇಲೆ ಬಿಡಿಸಿಕೊಂಡು, ಚಿಕ್ಕ ಚಿಕ್ಕ ಉಳಿಗಳಿಂದ ಮೊದಲು ನೆಲವನ್ನು ತಗ್ಗಿಸಿ, ಆಮೇಲೆ ಬಳ್ಳಿ, ಎಲೆ, ಹಕ್ಕಿ, ಆನೆಗಳನ್ನು ಮೇಲೆಬ್ಬಿಸುತ್ತಾನೆ. ನಡುವಿನ ಚೌಕದಲ್ಲಿ ಪುರಾಣದ ಒಂದು ಪ್ರಸಂಗ ಬರುತ್ತದೆ. ಒಂದು ತಪ್ಪು ಏಟು ಬಿದ್ದರೆ ಹಿಂದಿನ ಅಷ್ಟು ದಿನಗಳ ಶ್ರಮ ವ್ಯರ್ಥ.

ಇಂಗ್ಲೀಷರ ಗೃಹಜೀವನ ಈ ಕಲೆಗೆ ಹೊಸ ಗಿರಾಕಿಯನ್ನು ತಂದಿತು. ಕೈಗವಸಿನ ಪೆಟ್ಟಿಗೆ, ಆಭರಣದ ಪೆಟ್ಟಿಗೆ, ಹೆಸರಿನ ಚೀಟಿಯ ಪೆಟ್ಟಿಗೆ, ಕಾಗದ ಕತ್ತರಿಸುವ ಅಲಗು, ಬೀಸಣಿಗೆ, ಹೀಗೆ ಗುಡಿಗಾರನ ಮನೆಯಲ್ಲಿ ಎಂದೂ ಬಳಸದ ವಸ್ತುಗಳು ಅವನ ಉಳಿಯಿಂದ ಮೂಡತೊಡಗಿದವು. ದೊಡ್ಡ ಅಧಿಕಾರಿಗಳಿಗೆ ಮಾನಪತ್ರ ಅರ್ಪಿಸುವಾಗ ಅದನ್ನು ಕೆತ್ತನೆಯ ಕರಡಿಗೆಯಲ್ಲಿಟ್ಟು ಕೊಡುವ ಪದ್ಧತಿ ಬೆಳೆಯಿತು. 1880ರಲ್ಲಿ ಇಂಡಿಯದ ಕೈಗಾರಿಕಾ ಕಲೆಗಳನ್ನು ಕುರಿತು ಗ್ರಂಥ ಬರೆದ ಜಾರ್ಜ್ ಬರ್ಡ್‌ವುಡ್ ಕೆನರಾ ಮತ್ತು ಮೈಸೂರಿನ ಗಂಧದ ಕೆತ್ತನೆಯನ್ನು ಹೆಸರಿಸಿದ್ದಾನೆ. 1883ರಲ್ಲಿ ಪ್ರಕಟವಾದ ಕೆನರಾ ಜಿಲ್ಲೆಯ ಗೆಜೆಟಿಯರಿನಲ್ಲಿಯೂ ಗುಡಿಗಾರರ ಕಸುಬಿನ ವರ್ಣನೆಯಿದೆ. 1903ರ ದೆಹಲಿ ಪ್ರದರ್ಶನದ ಕಲಾಗ್ರಂಥವನ್ನು ಸಿದ್ಧಪಡಿಸಿದ ಜಾರ್ಜ್ ವಾಟ್ ಕೂಡ ಈ ಕೆತ್ತನೆಗೆ ಸ್ಥಾನ ಕೊಟ್ಟಿದ್ದಾನೆ.

ಇಷ್ಟಾದರೂ ಇಂದು ಇಂಗ್ಲೆಂಡಿನ ಹರಾಜಿನಲ್ಲಿ ಇಂಥ ಒಂದು ಪೆಟ್ಟಿಗೆ ಬಂದರೆ ಅದರ ಕೆಳಗೆ ಸಾಮಾನ್ಯವಾಗಿ ಕಾಣುವ ವಿವರಣೆ ‘ಗಂಧದ ಕೆತ್ತನೆಯ ಪೆಟ್ಟಿಗೆ, ಮೈಸೂರು ಅಥವಾ ಕೆನರಾ, ಹತ್ತೊಂಬತ್ತನೆಯ ಶತಮಾನ’ ಎಂಬಷ್ಟೇ. ಅದರ ಪಕ್ಕದಲ್ಲಿ ಮಾರಾಟಕ್ಕಿರುವ ಬೆಳ್ಳಿಯ ಉಪ್ಪಿನ ಬಟ್ಟಲಿಗೆ ಹೆಸರು, ಊರು, ವರ್ಷ ಮೂರೂ ಇರುತ್ತವೆ.

ಹೆಸರು ಏಕೆ ಉಳಿಯಲಿಲ್ಲ?

‘ನಮ್ಮವರು ಕಲೆಯನ್ನು ದೇವರಿಗೆ ಅರ್ಪಿಸಿದರು, ಹೆಸರಿನ ಹಂಬಲ ಅವರಿಗಿರಲಿಲ್ಲ’ ಎಂಬುದು ಸುಲಭವಾಗಿ ದೊರೆಯುವ ಉತ್ತರ. ಕೇಳಲು ಹಿತವಾದರೂ ಅದು ಪೂರ್ತಿ ನಿಜವಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರ ಹೆಸರುಗಳನ್ನು ಇಂದಿಗೂ ಓದಬಹುದು. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಹಲವು ಕಡೆ ಇದೆ. ಬಳ್ಳಿಗಾವೆಯಾದರೋ ಗುಡಿಗಾರರ ಸೊರಬಕ್ಕೆ ದೂರದ ಊರಲ್ಲ. ದೇವರ ಗುಡಿಯಲ್ಲಿಯೇ ಶಿಲ್ಪಿ ತನ್ನ ಹೆಸರನ್ನು ಕೆತ್ತಿದ ನಾಡಿದು.

ಇಂಗ್ಲೀಷ್ ಬೆಳ್ಳಿಯ ಮೇಲಿನ ಹೆಸರೂ ಕಲಾವಿದನ ಗೌರವಕ್ಕಾಗಿ ಹುಟ್ಟಿದ್ದಲ್ಲ. ಅದು ಸಂಶಯದ ಕೂಸು. ಬೆಳ್ಳಿಯಲ್ಲಿ ತಾಮ್ರವನ್ನು ಹೆಚ್ಚು ಬೆರೆಸಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಆದುದರಿಂದ ಮೋಸ ಮಾಡಿದವನನ್ನು ಹಿಡಿಯಲು ಪ್ರತಿಯೊಂದು ಸಾಮಾನಿನ ಮೇಲೂ ಅವನ ಗುರುತು ಬೇಕಾಯಿತು. ಆ ಗುರುತು ಕೂಡ ಕಾರ್ಖಾನೆಯ ಒಡೆಯರದು. ಹೆಸ್ಟರ್ ಬೇಟ್‌ಮನ್ನಳ ಮುದ್ರೆಯಿರುವ ಎಲ್ಲ ಚಮಚಗಳನ್ನೂ ಆಕೆಯೇ ಬಡಿದಳೆಂದು ಯಾರೂ ಹೇಳರು. ಕಳ್ಳನನ್ನು ಹಿಡಿಯಲು ಮಾಡಿದ ಕಟ್ಟಳೆ ಕಾಲಾಂತರದಲ್ಲಿ ಕುಶಲಿಗಳ ಕೀರ್ತಿಯ ಪಟ್ಟಿಯಾಗಿ ಪರಿಣಮಿಸಿತು.

ಗಂಧಕ್ಕೆ ಅಂಥ ಮುದ್ರೆಯ ಅಗತ್ಯ ಬೀಳಲಿಲ್ಲ. ಪೆಟ್ಟಿಗೆಯ ಮುಚ್ಚಳ ತೆರೆದರೆ ಪರಿಮಳವೇ ಸಾಕ್ಷಿ ಹೇಳುತ್ತಿತ್ತು. ಊರಿನೊಳಗೆ ಹೆಸರಿನ ಅಗತ್ಯವೂ ಇರಲಿಲ್ಲ. ಯಾವ ರಥ ಯಾವ ಗುಡಿಗಾರನ ಕೆಲಸವೆಂಬುದು ಊರಿಗೆಲ್ಲ ಗೊತ್ತಿತ್ತು. ಬೆಳ್ಳಿ ಬಂಗಾರದ ವಿಷಯವೂ ಹೀಗೆಯೇ. ಚಿನ್ನ ಬೆಳ್ಳಿಯ ಕೆಲಸ ಈ ಕರಾವಳಿಯ ದೈವಜ್ಞ ಸಮಾಜದ ಪರಂಪರೆಯ ಕಸುಬು. ಹೊನ್ನಾವರ ತಾಲೂಕಿನ ಕರ್ಕಿಯಲ್ಲಿ ಆ ಸಮಾಜದ ಮಠವೂ ಇದೆ. ಮನೆತನಕ್ಕೆ ಗೊತ್ತಾದ ಅಕ್ಕಸಾಲೆ, ಅವನ ಒರೆಗಲ್ಲು, ಇವೆರಡೇ ಹಿಂದಿನವರಿಗೆ ಸಾಕಾಗಿದ್ದವು. ಬಾಯಿಮಾತಿನ ಈ ನಂಬಿಕೆ ಊರಿನ ಎಲ್ಲೆಯೊಳಗೆ ಚೆನ್ನಾಗಿ ನಡೆಯಿತು. ಪೆಟ್ಟಿಗೆ ಹಡಗು ಹತ್ತಿದೊಡನೆ ಹೆಸರು ದಡದಲ್ಲಿಯೇ ಉಳಿಯಿತು. ದಡದಲ್ಲಿ ಅದನ್ನು ಬಲ್ಲವರು ತೀರಿಕೊಂಡ ಮೇಲೆ ಅಲ್ಲಿಯೂ ಇಲ್ಲವಾಯಿತು.

ಕೊಂಡವನ, ಕೊಡಿಸಿದವನ ಹೆಸರು ಉಳಿಯುವುದು ಸುಲಭ. ರಾಮಾಯಣದ ಕಥೆಗಳನ್ನು ಗೋಡೆಯ ಮೇಲೆ ಹೊತ್ತ ಭಟ್ಕಳದ ದೇವಾಲಯವನ್ನು ಇಂದಿಗೂ ಜನರು ಕರೆಯುವುದು ಕಟ್ಟಿಸಿದ ವರ್ತಕನ ಹೆಸರಿನಿಂದ: ಖೇತಪೈ ನಾರಾಯಣ. ಇಂದಿನ ಕಾನೂನೂ ಇದಕ್ಕೆ ಹೊರತಲ್ಲ. ನಮ್ಮ ದೇಶದಲ್ಲಿ ಚಿನ್ನದ ಒಡವೆಗೆ ಹಾಲ್‌ಮಾರ್ಕ್ ಪದ್ಧತಿ ಬಂದದ್ದು 2000ದಲ್ಲಿ. 2021ರ ಜೂನಿನಿಂದ ಹಂತಹಂತವಾಗಿ ಕಡ್ಡಾಯವಾಗಿದೆ. ಒಡವೆಯ ಮೇಲೆ ಸಂಸ್ಥೆಯ ಚಿಹ್ನೆ, ಶುದ್ಧತೆಯ ಅಂಕಿ, ಆರು ಅಕ್ಷರ-ಅಂಕಿಗಳ ಸಂಖ್ಯೆ ಇರುತ್ತವೆ. ಕೊಳ್ಳುವವರಿಗೆ ಇದು ದೊಡ್ಡ ರಕ್ಷಣೆಯೇ ಸರಿ. ಆದರೆ ಕುಂದಣ ಕೂಡಿಸಿದವನ ಹೆಸರನ್ನು ಅದು ಹೇಳುವುದಿಲ್ಲ.

ಕರಗಿಹೋಗುವ ಚರಿತ್ರೆ

ಹೆಸರಿರುವ ವಸ್ತುಗಳಿಗೂ ಅಪಾಯ ತಪ್ಪಿಲ್ಲ. ಬೆಳ್ಳಿಯ ಧಾರಣೆ ಏರಿದಾಗಲೆಲ್ಲ ಹಳೆಯ ಸಾಮಾನು ಮೂಸೆಗೆ ಹೋಗುತ್ತದೆ. 1980ರ ಜನವರಿಯಲ್ಲಿ ಜಾಗತಿಕ ಪೇಟೆಯಲ್ಲಿ ಬೆಳ್ಳಿ ಔನ್ಸಿಗೆ ಸುಮಾರು 50 ಡಾಲರಿನ ಹತ್ತಿರ ಹೋದಾಗ ಇಂಗ್ಲೆಂಡು ಅಮೆರಿಕಗಳಲ್ಲಿ ರಾಶಿ ರಾಶಿ ಹಳೆಯ ಸಾಮಾನು ಕರಗಿಹೋಯಿತು. ಮದುವೆಗೆ ಹೊಸ ತಟ್ಟೆ ಲೋಟ ಮಾಡಿಸಲೆಂದು ಹಳೆಯದನ್ನು ತೂಕಕ್ಕೆ ಹಾಕುವುದು ನಮ್ಮ ಮನೆಗಳಲ್ಲಿಯೂ ವಾಡಿಕೆ. ಒಂದು ಚಹದ ಚಮಚವನ್ನು ಕರಗಿಸಿದರೆ ಸಿಗುವುದು ಕೆಲವು ಗ್ರಾಂ ಬೆಳ್ಳಿ; ಹೋಗುವುದು ಮತ್ತೆ ಯಾವ ಬೆಲೆಗೂ ಬಾರದ ಐದು ಮುದ್ರೆಗಳು. ಅಂಗಡಿಗೆ ಒಯ್ಯುವ ಮೊದಲು ಒಮ್ಮೆ ಭೂತಗನ್ನಡಿಯಲ್ಲಿ ಬೆನ್ನನ್ನು ನೋಡುವುದು ಲೇಸು.

ಕಾಯಿದೆಯನ್ನೂ ತಿಳಿದಿರಬೇಕು. 1972ರ ಪುರಾತನ ವಸ್ತುಗಳ ಕಾಯಿದೆಯಂತೆ ನೂರು ವರ್ಷಕ್ಕೆ ಮೀರಿದ ಕಲಾವಸ್ತುಗಳನ್ನು ದೇಶದ ಹೊರಗೆ ಸಾಗಿಸುವುದು ಖಾಸಗಿಯವರಿಗೆ ನಿಷಿದ್ಧ. ಪರದೇಶದಲ್ಲಿರುವ ಮಗನಿಗೆ ಅಜ್ಜಿಯ ಕರಡಿಗೆಯನ್ನು ಕಳುಹಿಸುವ ಮೊದಲು ಪುರಾತತ್ತ್ವ ಇಲಾಖೆಯಲ್ಲಿ ವಿಚಾರಿಸುವುದು ಅಗತ್ಯ. ದಂತದ ವಸ್ತುಗಳ ಮಾರಾಟವನ್ನು ವನ್ಯಜೀವಿ ಕಾಯಿದೆ ಪೂರ್ತಿಯಾಗಿ ನಿಲ್ಲಿಸಿದೆ.

ಮನೆಯಲ್ಲಿ ಮಾಡತಕ್ಕದ್ದು

ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅಂಶದಿಂದ. ಕರಾವಳಿಯ ಮಳೆಗಾಲದ ಥಂಡಿಯಲ್ಲಿ ಇದು ಬೇಗ ಆಗುತ್ತದೆ. ಬೂದಿ, ಮರಳು, ಹಲ್ಲಿನ ಪುಡಿಗಳಿಂದ ಉಜ್ಜಿದರೆ ಕಪ್ಪಿನೊಡನೆ ಮುದ್ರೆಯೂ ಸವೆದುಹೋಗುತ್ತದೆ. ಉಗುರುಬೆಚ್ಚಗಿನ ನೀರು, ಮೆದುವಾದ ಸೋಪು, ಹಳೆಯ ಹತ್ತಿಬಟ್ಟೆ ಇಷ್ಟೇ ಸಾಕು. ಒರಸಿ ಒಣಗಿಸಿ ಬಟ್ಟೆಯಲ್ಲಿ ಸುತ್ತಿ, ಜೊತೆಗೆ ಸೀಮೆಸುಣ್ಣದ ಒಂದು ತುಂಡನ್ನಿಟ್ಟರೆ ಅದು ತೇವವನ್ನು ಹೀರಿಕೊಳ್ಳುತ್ತದೆ. ರಬ್ಬರಿನ ಬಳೆ, ಉಣ್ಣೆಯ ಬಟ್ಟೆಗಳಲ್ಲಿ ಗಂಧಕವಿರುವುದರಿಂದ ಅವನ್ನು ದೂರವಿಡಬೇಕು. ಗಂಧದ ಕರಡಿಗೆಗೆ ನೀರು, ಎಣ್ಣೆ, ವಾರ್ನಿಷು ಯಾವುದೂ ಕೂಡದು. ಮೆದುವಾದ ಕುಂಚದಿಂದ ಧೂಳು ಕೊಡವಿದರೆ ಸಾಕು.

ಇವೆಲ್ಲಕ್ಕಿಂತ ಮುಖ್ಯವಾದ ಕೆಲಸ ಒಂದಿದೆ. ಅದಕ್ಕೆ ಕಾಸಿನ ಖರ್ಚಿಲ್ಲ. ಮನೆಯಲ್ಲಿ ಗುಡಿಗಾರರ ಕೆತ್ತನೆಯ ಪೆಟ್ಟಿಗೆ, ದೇವರ ಮಂಟಪ, ದ್ವಾರದ ತೋರಣ ಏನೇ ಇರಲಿ, ಅದು ಎಲ್ಲಿಂದ ಬಂತು, ಯಾರು ಕೆತ್ತಿದರು, ಯಾವ ವರ್ಷ ಎಂಬುದನ್ನು ಮನೆಯ ಹಿರಿಯರಿಂದ ಈಗಲೇ ಕೇಳಿ ತಿಳಿದುಕೊಳ್ಳಬೇಕು. ತಿಳಿದಷ್ಟನ್ನು ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಅದರ ಒಳಗಿಡಬೇಕು. ಪೆನ್ಸಿಲಿನ ಬರಹಕ್ಕೆ ತೇವ ತಗಲಿದರೂ ಮಸಿಯಂತೆ ಹರಡುವುದಿಲ್ಲ.

ಗಂಧದ ಮರ ದುರ್ಲಭವಾಗಿ, ದುಬಾರಿಯಾಗಿ, ಗುಡಿಗಾರರಲ್ಲಿ ಅನೇಕರು ಶಿವನೆ ಮುಂತಾದ ಬೇರೆ ಮರಗಳಿಗೆ ಕೈಹಚ್ಚಿದ್ದಾರೆ. ಕಸುಬು ಬಿಟ್ಟವರೂ ಇದ್ದಾರೆ. ಆದರೂ ಉಳಿ ಹಿಡಿದ ಕೈಗಳು ಈ ಜಿಲ್ಲೆಯಲ್ಲಿ ಇಂದಿಗೂ ಇವೆ. ಅವರಿಂದ ಒಂದು ಚಿಕ್ಕ ಕರಡಿಗೆಯನ್ನು ಕೊಳ್ಳುವವರು ಬೆಲೆಯನ್ನು ಕೇಳಿದಂತೆ ಹೆಸರನ್ನೂ ಕೇಳಲಿ. ಹೆಸರು, ಊರು, ಇಸವಿಗಳನ್ನು ಅದರ ತಳದಲ್ಲಿ ಕೆತ್ತಿಕೊಡಬೇಕೆಂದು ಹೇಳಲಿ. ಅರ್ಧ ಗಳಿಗೆಯ ಕೆಲಸವದು.